ಬನಶಂಕರಿ ಹೊರಗೆ ಕೂತ ದಿನಗಳು

ಬನಹಟ್ಟಿಯ ನೇಕಾರ ಓಣಿಗಳಲ್ಲಿ ಬನಶಂಕರಿಗೆ ಬಾಗಿಲು ಹಾಕಿದ ಮನೆ ಒಂದೂ ಇಲ್ಲ. ಅವಳು ಆಶಾ ಕಾರ್ಯಕರ್ತೆಯಾಗಿ ಸೇರಿ ಹದಿನಾಲ್ಕು ವರ್ಷ. ಯಾವ ಸೊಸೆಗೆ ಎಷ್ಟನೇ ತಿಂಗಳು, ಯಾವ ಕೂಸಿಗೆ ಯಾವ ಚುಚ್ಚುಮದ್ದು ಉಳಿದಿದೆ, ಯಾವ ಮುದುಕ ಬಿ.ಪಿ. ಗುಳಿಗೆ ತಿನ್ನದೆ ದಿಂಬಿನ ಕೆಳಗೆ ಕೂಡಿಡುತ್ತಾನೆ, ಎಲ್ಲ ಬಾಯಿಪಾಠ. ಮಗ್ಗದ ಸದ್ದಿನ ನಡುವೆ ಮಾತಾಡಿ ಮಾತಾಡಿ ದನಿಯೂ ಏರಿತ್ತು. ಒಂದು ಮನೆಯಲ್ಲಿ ಹೇಳಿದ ಬುದ್ಧಿ ಮೂರು ಮನೆಗೆ ಕೇಳುತ್ತಿತ್ತು. ಇಂಥ ಹೆಂಗಸಿನ ಹೊಟ್ಟೆಯಲ್ಲಿ ಒಂದು ಗುಟ್ಟು ಇಪ್ಪತ್ತನಾಲ್ಕು ವರ್ಷ ಸುಮ್ಮನೆ ಕೂತಿತ್ತು ಎಂದರೆ ಯಾರು ನಂಬುತ್ತಾರೆ? ನಂಬಲೇಬೇಕು. ಕಡೆಗೆ ಅದನ್ನು ಹೊರಗೆ ಹಾಕಿದವಳೂ ಅವಳೇ.

ಕಳೆದ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ಒಂದು ವೈದ್ಯಕೀಯ ಕಾಲೇಜಿನವರು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ಕಡೆಯ ಆಶಾಗಳನ್ನು ಕರೆದು ಕೈಗೆ ಫಾರ್ಮು ಕೊಟ್ಟರು. ಹೆಣ್ಣುಮಕ್ಕಳಿಗೆ ಬರುವ ಪಿಸಿಓಡಿಯ ಸಮೀಕ್ಷೆ. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಗದ್ದದ ಮೇಲೆ ಕೂದಲು, ಅಂಡಾಶಯದಲ್ಲಿ ನೀರಗುಳ್ಳೆ, ಮಕ್ಕಳಾಗಲು ತೊಡಕು, ಇದೇ ಆ ಕಾಯಿಲೆ. ಫಾರ್ಮಿನಲ್ಲಿ ಮೊದಲು ಹೆಸರು, ಆಮೇಲೆ ವಯಸ್ಸು, ಮೂರನೆಯದು ಸಮುದಾಯ. ಆ ಮೂರನೆಯ ಸಾಲಿಗಾಗಿಯೇ ಇಷ್ಟೆಲ್ಲ ಖಟಿಪಿಟಿ.

"ಇದು ಎಲ್ಲಾ ಮಂದ್ಯಾಗ ಒಂದ ನಮೂನಿ ಇರೂದಿಲ್ಲರಿ," ಎಂದು ಡಾಕ್ಟರ್ ಅಂಜನಾ ತಿಳಿಸಿ ಹೇಳಿದ್ದರು. ಜಮಖಂಡಿಯಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು, ಊರಿನ ಮಾತು ಬಿಟ್ಟಿರಲಿಲ್ಲ. "ಚೀನಾ ಕಡೆ ಕಡಿಮಿ ಅಂತಾರ, ನಮ್ಮ ಕಡೆ ಜಾಸ್ತಿ ಅಂತಾರ. ಹಂಗಾರ ನಮ್ಮೊಳಗ ಹೆಂಗೈತಿ? ನೇಕಾರ ಮಂದ್ಯಾಗ ಎಷ್ಟು, ಒಕ್ಕಲತನದವರಾಗ ಎಷ್ಟು, ಮುಸಲ್ಮಾನರ ಮನ್ಯಾಗ ಎಷ್ಟು? ನೋಡೂನು. ಹೆಚ್ಚಿದ್ದಲ್ಲಿ ಸ್ಕ್ಯಾನಿಂಗ್ ಮಶಿನ್ ತಂದು ಪುಕ್ಕಟ ತಪಾಸಣಿ ಮಾಡತೇವಿ."

ಬನಶಂಕರಿ ಇಪ್ಪತ್ತು ದಿನದಲ್ಲಿ ತನ್ನ ಪಾಲಿನ ಫಾರ್ಮು ತುಂಬಿಸಿದಳು. ಅದೇನು ದೊಡ್ಡ ಕೆಲಸ? ಪಡಸಾಲೆಯಲ್ಲಿ ಕೂರುವುದು, ಚಹಾ ಕುಡಿಯುವುದು, ಕೇಳುವುದು. ಕೇಳಿದ್ದು ಸೊಸೆಯನ್ನು, ಉತ್ತರ ಬಂದದ್ದು ಅತ್ತೆಯಿಂದ. "ತಿಂಗಳಾ ತಪ್ಪೂದಿಲ್ಲವಾ. ನಾನ ಕಣ್ಣಿಲೆ ನೋಡತೇನಲ್ಲ, ಮೂರ ದಿನಾ ಹೊರಗ ಕುಂಡ್ರತಾಳ." ಆ ಓಣಿಯ ಹಳೇ ಮನೆಗಳಲ್ಲಿ ಮುಟ್ಟಾದವಳು ಇಂದಿಗೂ ಹಿತ್ತಲ ಕಡೆಯ ಕೋಣೆಯಲ್ಲಿ ಗೋಣಿತಟ್ಟು ಹಾಸಿ ಕೂರುತ್ತಾಳೆ. ಮಗ್ಗ ಮುಟ್ಟುವಂತಿಲ್ಲ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವಂತಿಲ್ಲ, ದೇವರ ಮನೆಯ ಕಡೆ ಸುಳಿಯುವಂತಿಲ್ಲ. ಹಾಗೆ ಕೂತವಳನ್ನು ಮನೆಯೇ ನೋಡುತ್ತದೆ, ಇನ್ನು ಸಾಕ್ಷಿ ಯಾಕೆ? ಬನಶಂಕರಿ "ಪ್ರತಿ ತಿಂಗಳು" ಎಂಬ ಕಡೆ ಗುರುತು ಹಾಕುತ್ತ ಹೋದಳು. ಅವಳ ಮನೆಯಲ್ಲೂ ಅವಳ ಅತ್ತೆ ಶೇವಂತವ್ವನೇ ಹೇಳಿದಳು: "ನಮ್ಮ ಮನ್ಯಾಗ ಎರಡ ಹೆಣಮಕ್ಕಳು, ನೀನೂ ಮೊಮ್ಮಗಳು ನೇತ್ರಾನೂ, ಎರಡೂ ಗಡಿಯಾರ ಇದ್ದಂಗ. ಬರಕೋ." ಬನಶಂಕರಿ ಬರೆದುಕೊಂಡಳು.

ಆ ಗಡಿಯಾರದ ಕತೆ ಇಷ್ಟು. ರಬಕವಿಯಿಂದ ಬನಹಟ್ಟಿಗೆ ಸೊಸೆಯಾಗಿ ಬಂದಾಗ ಬನಶಂಕರಿಗೆ ಇಪ್ಪತ್ತು. ಗಂಡ ರಾಮಲಿಂಗಪ್ಪ ಮಗ್ಗ ಬಿಟ್ಟರೆ ಬೇರೆ ಲೋಕ ಕಾಣದವ, ಬಡಪಾಯಿ. ಮದುವೆಯಾದ ಮೂರು ತಿಂಗಳು ಅವಳು ಹೊರಗೆ ಕೂರಲಿಲ್ಲ. ಮನೆಯವರು ಇನ್ನೇನು ತಿಳಿಯಬೇಕು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು. ಶೇವಂತವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು, ಹಸಿರು ಕುಪ್ಪಸದ ಅರಿವೆ ತಂದಳು. ನಾಲ್ಕನೆಯ ತಿಂಗಳು ಹೊಳೆ ಹರಿದ ಹಾಗೆ ರಕ್ತ ಹೋಯಿತು. ಬಸಿರೂ ಇಲ್ಲ, ಏನೂ ಇಲ್ಲ. ಸಕ್ಕರೆ ತಿಂದ ಓಣಿ ಬಾಯಿ ಮುಚ್ಚಿಕೊಂಡಿರುತ್ತದೆಯೇ? ಮುಂದಿನ ಸಲವೂ ಎರಡು ತಿಂಗಳು ನಿಂತಿತು, ಅತ್ತೆಯ ಕಣ್ಣು ಮತ್ತೆ ಅವಳ ಹೊಟ್ಟೆಯ ಮೇಲೆ ಬಂತು. ಆ ಕಣ್ಣಿನಲ್ಲಿ ಅಷ್ಟೊಂದು ಆಸೆ ಇತ್ತು. ಅದನ್ನು ಇನ್ನೊಮ್ಮೆ ಒಡೆಯುವ ಧೈರ್ಯ ಬನಶಂಕರಿಗೆ ಬರಲಿಲ್ಲ. ಒಂದು ಬೆಳಗ್ಗೆ ತಾನಾಗಿಯೇ ಗೋಣಿತಟ್ಟು ಹಾಸಿಕೊಂಡು, "ಅತ್ತಿ, ನಾ ಹೊರಗ ಆಗೇನ್ರಿ," ಎಂದಳು.

ಅಂದಿನಿಂದ ಲೆಕ್ಕ ಹಿಡಿದು ಇಪ್ಪತ್ತೆಂಟು ದಿನಕ್ಕೊಮ್ಮೆ ಕೂತಳು. ಸ್ವಚ್ಛ ಬಟ್ಟೆಯನ್ನೇ ಹಿಂಡಿ ಹಿತ್ತಲ ತಂತಿಗೆ ಹಾಕಿದಳು. ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಒಳಗೆ ಬಂದಳು. "ಹೊಟ್ಟಿ ನೋಯತೈತೇನ?" ಎಂದು ಯಾರಾದರೂ ಕೇಳಿದರೆ ಹೇಳಲು ಒಂದು ಸುಳ್ಳನ್ನೂ ಕಲಿತಿಟ್ಟಿದ್ದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ, ಆ ಸುಳ್ಳು ಖರ್ಚಾಗದೆ ಉಳಿಯಿತು.

ಇದಕ್ಕಿಂತ ಕಷ್ಟದ್ದು ನಿಜವಾಗಿ ಆದ ದಿನಗಳು. ವರ್ಷಕ್ಕೆ ಎರಡೋ ಮೂರೋ ಸಲ ಅದು ಹೇಳದೆ ಕೇಳದೆ ಬರುತ್ತಿತ್ತು. ಹೊರಗೆ ಕೂತೆದ್ದು ಹತ್ತು ದಿನವೂ ಆಗಿರುವುದಿಲ್ಲ, ಮತ್ತೆ ಹೇಗೆ ಕೂರುವುದು? ಸೆರಗು ಬಿಗಿದುಕೊಂಡು ಕಂಡಿಕೆ ಸುತ್ತಿದಳು, ಒಲೆ ಹಚ್ಚಿದಳು, ದೇವರಿಗೆ ದೀಪ ಇಟ್ಟಳು. ಒಂದು ವರ್ಷ ಬನದ ಹುಣ್ಣಿಮೆಯ ದಿನವೇ ಹಾಗಾಯಿತು. ಕುಲದೇವಿಯ ನೈವೇದ್ಯಕ್ಕೆ ಅದೇ ಮೈಯಲ್ಲಿ ಹೋಳಿಗೆ ಬೇಯಿಸಿದಳು. ಮಗ್ಗ ನಿಲ್ಲಲಿಲ್ಲ, ಎಳೆ ಹರಿಯಲಿಲ್ಲ, ದೇವಿ ಮುನಿಯಲೂ ಇಲ್ಲ. ಆದರೆ ಆ ದಿನದಿಂದ ಅವಳು ಕೈಮುಗಿಯುವಾಗ ದೇವಿಯ ಮುಖ ನೋಡುವುದನ್ನು ಬಿಟ್ಟಳು, ಪಾದ ಮಾತ್ರ ನೋಡುತ್ತಿದ್ದಳು.

ಮಕ್ಕಳಾಗಲಿಲ್ಲ. ಮೈದುನ ಮುತ್ತಣ್ಣನ ಹೆಂಡತಿ ತೀರಿಕೊಂಡ ಮೇಲೆ ಅವನು ಇಚಲಕರಂಜಿಗೆ ದುಡಿಯಲು ಹೋದ. ಅವನ ಆರು ವರ್ಷದ ಮಗಳು ನೇತ್ರಾ ಬನಶಂಕರಿಯ ಮಡಿಲಿಗೆ ಬಿದ್ದಳು. ಈಗ ಆ ಹುಡುಗಿಗೆ ಹತ್ತೊಂಬತ್ತು. ಜಮಖಂಡಿಯಲ್ಲಿ ಬಿ.ಕಾಂ. ಓದುತ್ತಾಳೆ, ಅಜ್ಜಿ ಶೇವಂತವ್ವನನ್ನು "ಆಯಿ" ಎನ್ನುತ್ತಾಳೆ, ಬನಶಂಕರಿಯನ್ನು "ದೊಡ್ಡವ್ವಾ" ಎನ್ನದೆ ಊಟಕ್ಕೆ ಕೂರುವುದಿಲ್ಲ. ಬನಶಂಕರಿಯ ಜೀವ ಅವಳಲ್ಲಿತ್ತು.

ಫಾರ್ಮು ಕೊಟ್ಟು ಬಂದ ಮರುವಾರ ಚಳಿ ಬಿತ್ತು. ನೇತ್ರಾಳ ಟ್ರಂಕಿನಲ್ಲಿ ಶಾಲು ಹುಡುಕುತ್ತಿದ್ದ ಬನಶಂಕರಿಗೆ ಬಟ್ಟೆಯ ತಳದಲ್ಲಿ ಏಳು ಪಾಕೀಟು ಸಿಕ್ಕವು. ಪ್ಯಾಡುಗಳು. ಸರ್ಕಾರದಿಂದ ಬಂದದ್ದನ್ನು ಇವಳೇ ತಿಂಗಳು ತಿಂಗಳು ಆ ಹುಡುಗಿಯ ಕೈಗೆ ಕೊಟ್ಟದ್ದು. ಒಂದೂ ಒಡೆದಿರಲಿಲ್ಲ. ಪಕ್ಕದಲ್ಲಿ ಮಗ್ಗದಿಂದ ಕತ್ತರಿಸಿ ತಂದ ರೇಷ್ಮೆ ಎಳೆಯ ಸುರುಳಿ, ಒಂದು ಚಿಕ್ಕ ಕನ್ನಡಿ. ಆ ಎಳೆ ಯಾತಕ್ಕೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂಥದೇ ಎಳೆಯನ್ನು ಎರಡು ಬೆರಳಿಗೆ ಸುತ್ತಿ, ಬಾಗಿಲು ಹಾಕಿಕೊಂಡು, ಅವಳೂ ಎಷ್ಟೋ ವರ್ಷ ಗದ್ದದ ಕೂದಲು ಕಿತ್ತವಳು.

ಕಾಲೇಜಿನಿಂದ ಬಂದ ಹುಡುಗಿಯ ಮುಂದೆ ಏಳೂ ಪಾಕೀಟು ಇಟ್ಟಳು.

"ಏನವಾ ಇದು? ಹೋದ ವಾರ ಮೂರ ದಿನಾ ಹೊರಗ ಕುಂತಿದ್ದಿ."

ನೇತ್ರಾ ಮೊದಲು ತಲೆ ಬಗ್ಗಿಸಿದಳು, ಆಮೇಲೆ ಎತ್ತಿದಳು. "ಏಳ ತಿಂಗಳಾತು ದೊಡ್ಡವ್ವ, ಆಗಿಲ್ಲ."

"ಮತ್ತ ಯಾಕ ಕುಂತಿ?"

"ಕುಂಡ್ರದಿದ್ರ ಆಯಿ ಸಂಶೇ ಮಾಡತಾಳ. ನಾ ಮದವಿ ಆಗದ ಹುಡುಗಿ. ಜನಾ ಏನ ಅಂತಾರ?" ಹುಡುಗಿ ಪಾಕೀಟುಗಳನ್ನು ಅವಳ ಕಡೆ ಸರಿಸಿದಳು. "ನಿನ್ನ ನೋಡೇ ಕಲತೇನಿ. ನಾ ಎಂಟನೇತ್ತೆ ಇದ್ದಾಗ ನೋಡಿದ್ನಿ, ನೀ ಒಣಗಿದ ಸ್ವಚ್ಛ ಬಟ್ಟಿನ್ನ ಮತ್ತ ನೀರಾಗ ಅದ್ದಿ ತಂತಿಗೆ ಹಾಕತಿದ್ದಿ."

ಬನಶಂಕರಿ ಏಳೂ ಪಾಕೀಟು ಮತ್ತೆ ಟ್ರಂಕಿಗೆ ಹಾಕಿದಳು. ಮನೆ ಮನೆ ತಿರುಗಿ ಊರಿಗೆ ಬುದ್ಧಿ ಹೇಳಿದವಳು ತನ್ನ ಮನೆಯ ಕೂಸಿಗೆ ಕಲಿಸಿದ್ದು ಇದನ್ನು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಒಂದು ಸಮಾಧಾನ ಹಚ್ಚಿಕೊಂಡಳು: ಸ್ಕ್ಯಾನಿಂಗ್ ಮಶಿನ್ ಹೇಗೂ ಬನಹಟ್ಟಿಗೆ ಬರುತ್ತದೆ, ನೂರು ಮಂದಿಯ ನಡುವೆ ನೇತ್ರಾಳನ್ನೂ ಕೂರಿಸಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ.

ಆ ಸಮಾಧಾನ ಹದಿನೈದು ದಿನ ಬಾಳಿತು. ಜಮಖಂಡಿಯಲ್ಲಿ ಎಲ್ಲ ಆಶಾಗಳನ್ನು ಮತ್ತೆ ಕೂಡಿಸಿ ಡಾಕ್ಟರ್ ಅಂಜನಾ ಬಂದ ಲೆಕ್ಕ ಓದಿದರು. ಸಾವಳಗಿಯಲ್ಲಿ ನೂರಕ್ಕೆ ಹನ್ನೆರಡು. ಅನಗವಾಡಿಯಲ್ಲಿ ಹತ್ತು. ಮುಧೋಳದಲ್ಲಿ ಹದಿಮೂರು. ರಬಕವಿ-ಬನಹಟ್ಟಿಯ ನೇಕಾರ ಮನೆಗಳಲ್ಲಿ ಎರಡು.

"ಎಂಥಾ ಪುಣ್ಯಾ ಮಾಡೀರಬೇ ನೀವು!" ಎಂದು ಅನಗವಾಡಿಯ ತಾಯವ್ವ ಬನಶಂಕರಿಯ ತೊಡೆ ಚಿವುಟಿದಳು. "ನಿಮ್ಮ ಓಣಿ ನೀರ ಒಂದ ಕೊಡ ನಮಗೂ ಕೊಡ್ರಿ."

ಡಾಕ್ಟರ್ ಅಂಜನಾ ಉಮೇದಿನಲ್ಲಿದ್ದರು. ನೇಕಾರರ ರಕ್ತದಲ್ಲೇ ಏನಾದರೂ ಇದೆಯೋ, ಊಟದಲ್ಲಿದೆಯೋ, ದಿನವಿಡೀ ಕೈ ಆಡಿಸುವ ಕೆಲಸದಲ್ಲಿದೆಯೋ, ಇದನ್ನೇ ಬೇರೆಯಾಗಿ ಬರೆದು ಕಳಿಸಬೇಕು ಎಂದರು. ಆಮೇಲೆ ತಪಾಸಣೆಯ ಪಟ್ಟಿ ಓದಿದರು: ಸಾವಳಗಿ, ಅನಗವಾಡಿ, ಮುಧೋಳ. ಮಶಿನ್ ಇದ್ದದ್ದು ಒಂದೇ. "ಬನಹಟ್ಟಿ ಬಿಟ್ಟೇವ್ರಿ. ಅಲ್ಲೆ ಜರೂರ ಇಲ್ಲ."

ಬನಶಂಕರಿಯ ಕೈಯ ಗುರುತುಗಳೇ ಆ ಎರಡನ್ನು ಎರಡು ಮಾಡಿದ್ದವು. ತಾನು ಬಾಯಿ ಮುಚ್ಚಿ ಕೂತರೆ ನೇತ್ರಾ ಇನ್ನೂ ಇಪ್ಪತ್ತು ವರ್ಷ ಬಟ್ಟೆ ಒದ್ದೆ ಮಾಡಿ ಒಣಹಾಕುತ್ತಾಳೆ, ಅವಳಂಥವರು ಇನ್ನೆಷ್ಟು ಮಂದಿಯೋ. ಬಾಯಿ ತೆರೆದರೆ? ಅವಳು ಎದ್ದು ನಿಂತಳು. ಯಾವತ್ತೂ ಮೂರು ಮನೆಗೆ ಕೇಳುವ ದನಿ ಆವತ್ತು ಮುಂದಿನ ಸಾಲಿಗೂ ಕೇಳಲಿಲ್ಲ.

"ಮೇಡಂರೀ, ಆ ಲೆಕ್ಕ ಸುಳ್ಳೈತ್ರಿ."

"ಏನಂದ್ರಿ?"

"ನಮ್ಮಲ್ಲಿ ಹೊರಗ ಕುಂತವರೆಲ್ಲಾ ಮುಟ್ಟಾದವರಲ್ಲರಿ. ಸುಳ್ಳ ಕುಂಡ್ರತಾರ. ಅತ್ತಿ ಹೇಳಿದ್ದ ನಾ ಬರಕೊಂಡ ಬಂದೇನಿ."

"ಹಂಗ ಎಷ್ಟ ಮಂದಿ ಕುಂಡ್ರತಾರ್ರಿ?"

"ಅದು ಗೊತ್ತಿಲ್ಲರಿ. ನನಗ ಗೊತ್ತಿದ್ದಾಕಿ ಒಬ್ಬಾಕಿ."

"ಯಾರು?"

"ನಾನರಿ."

ಅರವತ್ತು ಹೆಂಗಸರ ತಲೆ ಇತ್ತ ತಿರುಗಿತು. ತಾಯವ್ವ ಚಿವುಟಿದ ಕೈಯಿಂದಲೇ ಬನಶಂಕರಿಯ ಸೆರಗು ಹಿಡಿದು ಮೆಲ್ಲಗೆ ಕೂರಿಸಿದಳು. ಡಾಕ್ಟರ್ ಅಂಜನಾ ಲೆಕ್ಕದ ಕಾಗದ ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ. "ತಪ್ಪು ನಂದೂ ಐತ್ರಿ ಅಕ್ಕಾರ," ಎಂದರು. "ಯಾರ ಮುಂದ ಕೇಳಬೇಕು ಅನ್ನೂದು ನಾ ಹೇಳಿಕೊಡಲಿಲ್ಲ. ಹತ್ತ ದಿನಾ ಕೊಡತೇನಿ, ಮತ್ತ ಕೇಳಕೊಂಡ ಬರ್ರಿ. ಮತ್ತ ನೀವು, ನಿಮ್ಮ ತಪಾಸಣಿ ಮದಲ ಆಗಬೇಕು. ವರ್ಷಗಟ್ಟಲೆ ತಿಂಗಳಾ ಸರಿಯಾಗಿ ಆಗದಿದ್ರ ಗರ್ಭಕೋಶದ ಒಳಪದರ ದಪ್ಪಾಗತೈತಿ. ಅದನ್ನ ಹಂಗ ಬಿಡೂದು ಛಲೋ ಅಲ್ಲ."

ಊರಿನ ಬಾಯಿಯಿಂದ ಕೇಳುವ ಮೊದಲು ಮನೆಯವರು ತನ್ನ ಬಾಯಿಂದ ಕೇಳಲಿ ಎಂದು ಬನಶಂಕರಿ ಆ ಸಂಜೆಯೇ ತನ್ನದೂ ನೇತ್ರಾಳದೂ ಎಲ್ಲ ಹೇಳಿದಳು. ರಾಮಲಿಂಗಪ್ಪ ಮಗ್ಗ ನಿಲ್ಲಿಸಿ ಬಂದು ಕೂತು ಕೇಳಿದ. "ನನಗರ ಹೇಳಬಾರದಾಗಿತ್ತೇನ?" ಎಂದ.

"ನೀವು ಕೇಳಿದ್ರೇನ?"

ಶೇವಂತವ್ವನಿಗೆ ಎಪ್ಪತ್ತೆಂಟು. ಕಣ್ಣು ಮಂಜಾಗಿದ್ದರೂ ಮುಖ ಸೊಸೆಯ ಕಡೆಗೇ ಇತ್ತು. "ಬನದ ಹುಣ್ಣಿಮಿ ದಿನಾನೂ?" ಎಂದಳು.

"ಹೂಂನ್ರಿ ಅತ್ತಿ. ಒಂದ ಸಲ."

ಮುದುಕಿ ದೇವರ ಮನೆಯ ಕಡೆ ಕೈಮುಗಿದಳು. "ನಿಂದ ನೀ ಹೇಳಕೊಂಡಿ, ಮುಗೀತು. ಹುಡುಗಿ ಹೆಸರ ಎತ್ತಿದಿ ಅಂದ್ರ ನಾ ಈ ಮನ್ಯಾಗ ನೀರ ಕುಡ್ಯೂದಿಲ್ಲ. ಯಾರ ಮಾಡ್ಕೋತಾರ ಆಕಿನ್ನ?"

"ನನ್ನ ಮಾಡ್ಕೊಂಡ್ರಲ್ಲರಿ ಅತ್ತಿ, ಗೊತ್ತಿಲ್ದ," ಎಂದಳು ಬನಶಂಕರಿ. ಇಪ್ಪತ್ತನಾಲ್ಕು ವರ್ಷದ ಅಳು ಒಟ್ಟಿಗೆ ಬಂತು. "ಏನ ಛಲೋ ಆತ್ರಿ? ನೀವೂ ಸುಖಾ ಕಾಣಲಿಲ್ಲ, ನಾನೂ ಕಾಣಲಿಲ್ಲ."

ಶೇವಂತವ್ವ ಗೋಡೆ ಹಿಡಿದು ಎದ್ದು ದೇವರ ಮನೆಗೆ ಹೋದಳು. ಆ ದಿನದಿಂದ ಸೊಸೆಯೊಡನೆ ಮಾತು ಬಿಟ್ಟಳು.

ಬನಶಂಕರಿ ಮತ್ತೆ ಓಣಿ ತುಳಿದಳು. ಮೊದಲ ಮನೆ ಶ್ರೀದೇವಿಯದು. ಇಪ್ಪತ್ತಾರರ ಸೊಸೆ, ಆವತ್ತು ಹೊರಗೆ ಕೂತಿದ್ದಳು. ಪಡಸಾಲೆಯಲ್ಲಿ ಅತ್ತೆ ಎಂದಿನಂತೆ ಚಾಪೆ ಹಾಸಿ, "ಮೊನ್ನೆ ಬರಕೊಂಡ ಹೋದಿ, ಮತ್ಯಾಕ ಬಂದಿ?" ಎಂದಳು. ಬನಶಂಕರಿ ಚಾಪೆಯ ಮೇಲೆ ಕೂರಲಿಲ್ಲ. ಸೀದಾ ಹಿತ್ತಲಿಗೆ ನಡೆದು ಶ್ರೀದೇವಿಯ ಗೋಣಿತಟ್ಟಿನ ಮೇಲೆಯೇ, ಮೈಗೆ ಮೈ ತಾಗಿಸಿ ಕೂತಳು.

"ಅಯ್ಯ ಶಿವನ! ಮೈಲಿಗಿ!" ಅತ್ತೆ ಬಾಗಿಲಲ್ಲೇ ನಿಂತುಬಿಟ್ಟಳು. ಹಿತ್ತಲಿಗೆ ಅವಳು ಕಾಲಿಡುವಂತಿರಲಿಲ್ಲ, ಸಂಜೆ ದೀಪ ಹಚ್ಚಬೇಕಿತ್ತು. ಹೀಗಾಗಿ ಇಬ್ಬರಿಗೂ ಅಷ್ಟು ಜಾಗ ಸಿಕ್ಕಿತು.

ಬನಶಂಕರಿ ಪ್ರಶ್ನೆ ಕೇಳಲಿಲ್ಲ. ಮೊದಲು ತನ್ನ ಕತೆ ಹೇಳಿದಳು. ಸಕ್ಕರೆ ಹಂಚಿದ್ದು, ಹಸಿರು ಕುಪ್ಪಸ, ಬಟ್ಟೆ ಹಿಂಡಿದ್ದು, ಹೋಳಿಗೆ. ಶ್ರೀದೇವಿ ಕೇಳುತ್ತ ಕೇಳುತ್ತ ಗೋಣಿಯ ನಾರು ಕೀಳತೊಡಗಿದಳು. ಕಡೆಗೆ, "ಅಕ್ಕಾ, ನನಗ ನಾಕ ತಿಂಗಳಾತು," ಎಂದಳು. ಅಷ್ಟೇ ಹೇಳಿ ಅವಳ ಭುಜಕ್ಕೆ ಒರಗಿದಳು.

ಎಲ್ಲರೂ ಹಾಗೆ ಹೇಳಲಿಲ್ಲ. ಖರೇ ಹೊರಗಾದವರೇ ಹೆಚ್ಚು. ಎರಡು ಮನೆಯವರು ಬಾಗಿಲಿಂದಲೇ ಹೊರಡಿಸಿದರು, ಒಬ್ಬಳು "ಬಂಜಿ ಬಂದು ನಮ್ಮ ಮನಿ ಕೆಡಸತಾಳ" ಎಂದೂ ಬೈದಳು. ಆ ಮಾತು ಎದೆಗೆ ನಾಟಿತು. ಆದರೆ ಹತ್ತನೆಯ ದಿನಕ್ಕೆ ಹಳೆಯ ಗುರುತುಗಳಲ್ಲಿ ಇಪ್ಪತ್ತೇಳನ್ನು ಅವಳು ಹೊಡೆದುಹಾಕಿದ್ದಳು. ತನ್ನ ಮನೆಯ ಫಾರ್ಮಿನಲ್ಲಿ ಎರಡನ್ನು ಹೊಡೆದಳು. ನೇತ್ರಾ ಪಕ್ಕದಲ್ಲೇ ನಿಂತು, "ಬರಿ ದೊಡ್ಡವ್ವ," ಎಂದಿದ್ದಳು.

ಮಶಿನ್ ಬನಹಟ್ಟಿಗೆ ಬಂತು. ಯಾರ ಹೆಸರೂ ಎದ್ದು ಕಾಣದಿರಲಿ ಎಂದು ಬನಶಂಕರಿ ಓಣಿಯ ಎಲ್ಲ ಹೆಣ್ಣುಮಕ್ಕಳನ್ನೂ ಎಬ್ಬಿಸಿ ತಂದಳು, ಕಾಯಿಲೆ ಇದ್ದವರನ್ನೂ ಇಲ್ಲದವರನ್ನೂ. ಎಲ್ಲ ಮುಗಿದ ಮೇಲೆ ನೂರಕ್ಕೆ ಹನ್ನೊಂದು ಎಂದು ತೇಲಿತು. ಡಾಕ್ಟರ್ ಅಂಜನಾ ತಾವು ಬರೆದಿದ್ದ ನೇಕಾರರ ರಕ್ತದ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. "ಬ್ಯಾರೆ ದೇಶದಾಗ ಫರಕ ಇರಬಹುದ್ರಿ. ಇಲ್ಲಿ ಮಾತ್ರ ನಿಮ್ಮವರೂ ಎಲ್ಲರಂಗ ಅದಾರ," ಎಂದರು.

ಬನಶಂಕರಿಯ ಒಳಪದರ ದಪ್ಪಗಾಗಿತ್ತು. ತುಣುಕು ತೆಗೆದು ವಿಜಯಪುರಕ್ಕೆ ಕಳಿಸಿದರು. ವರದಿ ಬರುವವರೆಗಿನ ಹನ್ನೆರಡು ದಿನ ರಾಮಲಿಂಗಪ್ಪನ ಮಗ್ಗದಲ್ಲಿ ಎಳೆ ಮೇಲಿಂದ ಮೇಲೆ ಹರಿಯಿತು. ಕೆಟ್ಟದ್ದಲ್ಲ ಎಂದು ಬಂತು. ಇನ್ನಷ್ಟು ವರ್ಷ ಬಿಟ್ಟಿದ್ದರೆ ಹೇಳಲು ಬರುತ್ತಿರಲಿಲ್ಲ ಎಂದೂ ಅಂದರು. ಗುಳಿಗೆ ಸುರುವಾದವು. ನೇತ್ರಾಳಿಗೂ ಗುಳಿಗೆ, ಬೆಳಗಿನ ನಡಿಗೆ. ಶೇವಂತವ್ವ ಮಾತ್ರ ಇನ್ನೂ ಸೊಸೆಯ ಕೂಡ ಮಾತಾಡಿರಲಿಲ್ಲ. ರೊಟ್ಟಿ ಬೇಕಾದರೆ ತಟ್ಟೆ ಸರಿಸುತ್ತಿದ್ದಳು.

ಯುಗಾದಿ ಹತ್ತಿರ ಬಂದಿದ್ದ ಒಂದು ಬೆಳಗ್ಗೆ. ಬನಶಂಕರಿ ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು, ಶೇವಂತವ್ವ ಕಂಬಕ್ಕೆ ಒರಗಿದ್ದಳು. ನೇತ್ರಾ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತಳು. ಕೈಯಲ್ಲಿ ಒಡೆದ ಪಾಕೀಟು.

"ದೊಡ್ಡವ್ವಾ, ಖರೇನ ಆಗೇತಿ."

ರಾಟಿ ನಿಂತಿತು. ಬನಶಂಕರಿ ಏಳಲು ಹೋದಳು. ಅವಳಿಗಿಂತ ಮೊದಲು ಮುದುಕಿ ಎದ್ದಳು. ತಡಕಾಡುತ್ತ ಹಿತ್ತಲ ಕೋಣೆಗೆ ಹೋಗಿ ಗೋಣಿತಟ್ಟು ಹಾಸಿದಳು. ಆ ಪದ್ಧತಿ ಬಿಡುವ ವಯಸ್ಸು ಅವಳದಲ್ಲ. ಹುಡುಗಿ ಕೂತ ಮೇಲೂ ಅವಳು ಅಲ್ಲಿಂದ ಸರಿಯಲಿಲ್ಲ. ಒಂದು ಮಾರು ದೂರದಲ್ಲಿ ಗೋಡೆಗೆ ಕೈಕೊಟ್ಟು ನಿಂತು ಕೇಳಿದಳು:

"ಹೊಟ್ಟಿ ನೋಯತೈತೇನವಾ?"

"ಹೂಂ ಆಯಿ. ಭಾಳ ನೋಯಾಕತ್ತೈತಿ," ಎಂದಳು ನೇತ್ರಾ, ಅಳುತ್ತ, ನಗುತ್ತ.

ಶೇವಂತವ್ವ ತಿರುಗಿದಳು. ಬಾಗಿಲಲ್ಲಿ ಸೊಸೆ ನಿಂತದ್ದು ಆ ಮಂಜುಗಣ್ಣಿಗೆ ಕಂಡಿತೋ ಇಲ್ಲವೋ, ಮುಖ ಅವಳ ಕಡೆಗೇ ಇತ್ತು.

"ನಿನಗ ಯಾವತ್ತೂ ಕೇಳಲಿಲ್ಲ ನೋಡು ನಾ," ಎಂದಳು.